ಹೊಲಕ್ಕೆ ಹೊಡೆಯೋ ಗೋಡು ಲ್ಯಾಬಿಗೆ ಯಾಕೆ?

ಊರಿಗೆ ಹೋದಾಗಲೆಲ್ಲ ನಮ್ಮ ಸೋದರಮಾವನದು ಒಂದೇ ಪ್ರಶ್ನೆ: "ಅಲ್ಲ ಕಣೋ, ಕೆರೆ ಗೋಡನ್ನ ನಾವು ಹೊಲಕ್ಕೆ ಹೊಡೀತೀವಿ. ನೀನು ಲ್ಯಾಬಿಗೆ ಹೊಡ್ಕೊಂಡು ಹೋಗಿ ಏನ್ ಬೆಳೀತೀಯ?" ಬೆಂಗಳೂರಿನ ಸ್ನೇಹಿತರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ನಯವಾಗಿ.

ನಾನು ಹುಡುಕುವುದು ಬ್ಯಾಕ್ಟೀರಿಯಾಗಳು ತಿಂದು ಬಿಟ್ಟ ಎಂಜಲು. ಕೆರೆಗೆ ಬಿದ್ದ ಎಲೆ, ಪಾಚಿ, ಸತ್ತ ಮೀನು ಎಲ್ಲ ಅವುಗಳ ಪಾಲು. ಸಕ್ಕರೆ, ಪ್ರೋಟೀನು ಮೊದಲು ಖಾಲಿ. ತಳಕ್ಕೆ ಪೈಪು ಇಳಿಸಿ ತೆಗೆದ ಕೆಸರನ್ನು ಉದ್ದಕ್ಕೆ ಸೀಳಿದರೆ ಮೇಲೆ ತೆಳ್ಳಗೆ ಕಂದು, ಅದರಡಿ ಇದ್ದಿಲಿನ ಕಪ್ಪು. ಅಲ್ಲಿ ಆಮ್ಲಜನಕ ಮುಗಿದು, ಬ್ಯಾಕ್ಟೀರಿಯಾಗಳು ಸಲ್ಫೇಟ್ ಹಿಡಿದು ಉಸಿರಾಡುತ್ತಿರುತ್ತವೆ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಕಬ್ಬಿಣಕ್ಕೆ ಸೇರಿದ್ದೇ ಆ ಕಪ್ಪು. ಗಾಳಿಗಿಟ್ಟರೆ ನಿಧಾನಕ್ಕೆ ಮತ್ತೆ ಕಂದಾಗುತ್ತದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ, ಹಾಗಾಗಿ ಅಲ್ಲಿ ಈ ಸಲ್ಫೈಡ್ ಜೋರು. ಹೊನ್ನಾವರದ ಕಾಂಡ್ಲಾ ಕಾಡಿನ (ಮ್ಯಾಂಗ್ರೋವ್) ಕೆಸರಲ್ಲಿ ಕಾಲಿಟ್ಟವರಿಗೆ ಅದರ ಕೊಳೆತ ಮೊಟ್ಟೆಯ ವಾಸನೆ ಗೊತ್ತೇ ಇರುತ್ತದೆ. ಕೆರೆಯಲ್ಲಿ ಸಲ್ಫೇಟ್ ಬೇಗ ತೀರಿಹೋಗಿ ಮೀಥೇನ್ ಶುರು. ಕೋಲಿಂದ ಕೆದಕಿದರೆ ಬುಳುಬುಳು ಏಳುವ ಗುಳ್ಳೆ ಅದೇ. 1776ರಲ್ಲಿ ವಿಜ್ಞಾನಿ ವೋಲ್ಟಾ ಇಟಲಿಯ ಮಜ್ಜೋರೆ ಸರೋವರದಲ್ಲಿ ಹಿಡಿದದ್ದೂ ಅದನ್ನೇ.

ಇಷ್ಟೆಲ್ಲ ಊಟ ಆದಮೇಲೂ ಉಳಿಯುವುದು ಮೇಣ. ಕೆಸುವಿನೆಲೆ ಮೇಲೆ ನೀರು ಮುತ್ತಾಗಿ ಉರುಳುತ್ತಲ್ಲ, ಅಂಥ ಮೇಣ. ಒಣಗಿಸಿದ ಕೆಸರನ್ನು ದ್ರಾವಕದಲ್ಲಿ ನೆನೆಸಿ ಅದನ್ನು ಎಳೆದುಕೊಳ್ಳುತ್ತೇವೆ. ಮೇಣದ ಅಣುಗಳು ಕಾರ್ಬನ್ನಿನ ಉದ್ದ ಸರಪಳಿಗಳು. ಅವುಗಳಲ್ಲಿ ಕಾರ್ಬನ್ ಎಣಿಸಿದರೆ 27, 29, 31, ಬೆಸ ಸಂಖ್ಯೆಯವೇ ಜಾಸ್ತಿ. ಗಿಡ ಎರಡೆರಡು ಕಾರ್ಬನ್ ಪೋಣಿಸಿ ಕೊಬ್ಬಿನಾಮ್ಲ ಮಾಡಿ, ಕೊನೆಗೆ ತುದಿಯದೊಂದನ್ನು ಕಳಚುವುದರಿಂದ ಹೀಗೆ. ಡೀಸೆಲ್‌ನಲ್ಲಿ ಸಮ-ಬೆಸದ ಭೇದವಿಲ್ಲ. ಹಾಗಾಗಿ ಕೆರೆಗೆ ಎಣ್ಣೆ ಸೋರಿದ್ದರೆ ಯಂತ್ರದ ಗ್ರಾಫಿನಲ್ಲೇ ಸಿಕ್ಕಿಬೀಳುತ್ತದೆ.

ಮಾವನಿಗೆ ಇದ್ಯಾವುದೂ ರುಚಿಸಲಿಲ್ಲ. ರಾಗಿ, ಜೋಳ, ಕಬ್ಬು, ಬಯಲುಸೀಮೆಯ ಬಹಳಷ್ಟು ಹುಲ್ಲು ಇವುಗಳ ಮೇಣದಲ್ಲಿ ಕಾರ್ಬನ್-13 (ತುಸು ತೂಕದ ಕಾರ್ಬನ್) ಮರಗಳದಕ್ಕಿಂತ ಹೆಚ್ಚಿರುತ್ತದೆ, ಅದನ್ನು ಅಳೆದರೆ ಮೂರಡಿ ಕೆಳಗಿನ ಗೋಡು ಅಂದು ಸುತ್ತ ಕಾಡಿತ್ತೋ ಬಯಲಿತ್ತೋ ಹೇಳುತ್ತದೆ ಅಂದಾಗ ಮಾತ್ರ ಕಿವಿ ನೆಟ್ಟಗಾಯಿತು.

"ಭತ್ತ?"

ಭತ್ತ ಈ ಲೆಕ್ಕದಲ್ಲಿ ಮರಗಳ ಪಂಕ್ತಿ. ಗದ್ದೆಯೋ ಕಾಡೋ, ಇದರಿಂದ ಗೊತ್ತಾಗಲ್ಲ ಅಂದೆ.

"ಅರ್ಧ ಕುರುಡು ಬಿಡು ನಿನ್ನ ಮಿಶಿನ್ನು" ಅಂದರು. ಅದಕ್ಕಿಂತ ದೊಡ್ಡ ಕಷ್ಟ, ಪದರಗಳು ಬಿದ್ದ ಕ್ರಮದಲ್ಲೇ ಇರಬೇಕು. ಒಂದು ಸಲ ಹೂಳೆತ್ತಿದರೆ ನೂರು ವರ್ಷ ಒಂದೇ ರಾಶಿ ಎಂದು ವಿವರಿಸಿದೆ. ಅವರು ಎಲೆಅಡಿಕೆ ಅಗಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬೇಸಿಗೇಲಿ ಕೆರೆಗೆ ಜೆಸಿಬಿ ಇಳಿಸ್ತಾರಂತೆ. ಅದಕ್ ಮುಂಚೆ ಬಂದು ನಿನ್ನ ಪೈಪು ಹಾಕ್ಕೋ."