ಬೋಟು ಹೊರಡುವ ಮುನ್ನ ಮಾತ್ರೆ ಎಣಿಸಿ

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದರೆ ಬೈತಖೋಲ, ತದಡಿ, ಹೊನ್ನಾವರದ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವ ಕಲಾಸಿಗೆ, ಅಂದರೆ ಬೋಟಿನ ಕೆಲಸಗಾರನಿಗೆ, ಆಳಸಮುದ್ರದ ಟ್ರಿಪ್ ಎಂದರೆ ಎಂಟು-ಹತ್ತು ದಿನ ದಡವೂ ಇಲ್ಲ, ಮರೆಯೂ ಇಲ್ಲ. ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳಿ ಎಂದು ಈ ಔಷಧ ಕೊಡುವ ಏಆರ್‌ಟಿ ಕೇಂದ್ರದಲ್ಲಿ ಹೇಳಿ ಕಳಿಸುತ್ತಾರೆ. ಅದು ಬೋಟಿನ ಮೇಲೆ ಹೇಗೆ ಸಾಧ್ಯ ಎಂದು ಹೇಳಿಕೊಡಬಲ್ಲವರು ಅದೇ ಮಾತ್ರೆ ನುಂಗುತ್ತ ಅದೇ ಕೆಲಸ ಮಾಡಿದವರು.

ಹೆಚ್ಚಿನ ತಪ್ಪು ಬಾಟಲಿಯಲ್ಲೇ ಆಗುತ್ತದೆ. ಯಾರಿಗೂ ತಿಳಿಯಬಾರದೆಂದು ಮಾತ್ರೆಯನ್ನು ಕಾಗದದ ಪೊಟ್ಟಣಕ್ಕೆ ಸುರಿದುಕೊಳ್ಳುತ್ತಾರೆ. ಉಪ್ಪುಗಾಳಿಯ ತೇವಕ್ಕೆ ಅದು ಹಾಳಾಗುತ್ತದೆ. ಬಾಟಲಿಯೊಳಗಿನ ಪುಟ್ಟ ಚೀಲ ಇರುವುದೇ ತೇವ ಹೀರಲು, ಅದನ್ನು ಎಸೆಯಬೇಡಿ. ಲೇಬಲ್ಲಿಗೆ ಬಟ್ಟೆ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಇಂಜಿನ್ ಕಾವಿನಿಂದ ದೂರ ಇಡಿ.

ಈಗ ಬಹಳಷ್ಟು ಜನರಿಗೆ ಸಿಗುವುದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಸೇರಿದ ದಿನಕ್ಕೊಂದು ಮಾತ್ರೆ. ರಾತ್ರಿ ಬಲೆ ಎಳೆಯುವವರು ಬೆಳಗಿನ ಚಹಾದ ಹೊತ್ತನ್ನೇ ಗೊತ್ತು ಮಾಡಿಕೊಳ್ಳುವುದು ಲೇಸು. ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಮಾತ್ರೆಗೆ ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ ಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಹೊಟ್ಟೆ ಉರಿಗೆ ಕುಡಿಯುವ ಆಂಟಾಸಿಡ್ ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತದೆ. ಹಾಗಾಗಿ ಮಾತ್ರೆ ಅದಕ್ಕಿಂತ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ನಂತರ. ಕ್ಷಯದ ಔಷಧ ಶುರುವಾದರೆ ವೈದ್ಯರಿಗೆ ಹೇಳಲೇಬೇಕು, ಅದರಲ್ಲಿರುವ ರಿಫಾಂಪಿಸಿನ್ ಜೊತೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ.

ಕಾಂಡೋಮ್ ವಿಷಯವನ್ನೂ ಬಿಚ್ಚಿ ಹೇಳಬೇಕು. ನಮ್ಮ ಕಡೆ ಎಲ್ಲದಕ್ಕೂ ಕೈಗೆ ಬರುವುದು ತೆಂಗಿನೆಣ್ಣೆ. ಅದು ತಾಗಿದರೆ ಕಾಂಡೋಮಿನ ಲೇಟೆಕ್ಸ್ ರಬ್ಬರು ಹರಿದುಹೋಗುತ್ತದೆ.

ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ವೈರಲ್ ಲೋಡ್ ಪರೀಕ್ಷೆಗೆ ನಿಷೇಧದ ಎರಡು ತಿಂಗಳೇ ಅನುಕೂಲ. ವೈರಸ್ ಎಣಿಕೆ ಮಿಲಿಲೀಟರಿಗೆ 200ಕ್ಕಿಂತ ಕೆಳಗೆ ಉಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಮದುವೆಯಾದವರ ಮನಸ್ಸಿನ ಭಾರ ಇಳಿಸುವ ಮಾತು ಇದು, ಅದೇ ದಾರಿಯಲ್ಲಿ ನಡೆದವರ ಬಾಯಿಂದ ಬಂದಾಗ ನಂಬಿಕೆ ಬೇರೆ.

ಆದರೆ ಹೀಗೆ ಹೇಳಿಕೊಡಲು ಬರುವ ಜೊತೆಗಾರರು ಅದೇ ಕೇರಿಯವರು ಬೇಡ. ಕಾರವಾರದವರಿಗೆ ಕುಮಟಾ ಕಡೆಯವರಾದರೆ ಗುಟ್ಟು ಉಳಿಯುತ್ತದೆ. 2017ರ ಎಚ್‌ಐವಿ ಕಾಯ್ದೆ ಒಪ್ಪಿಗೆಯಿಲ್ಲದೆ ಸೋಂಕಿನ ಸುದ್ದಿ ಬಯಲು ಮಾಡುವುದನ್ನೂ ಅದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನೂ ತಡೆಯುತ್ತದೆ. ಬೋಟು ನಡೆಸುವ ತಾಂಡೇಲರಿಗೆ ಹೇಳುವುದೂ ಬಿಡುವುದೂ ಕಲಾಸಿಯ ಇಷ್ಟ. ಇಂಥ ಜೊತೆಗಾರರಿಗೆ ಬಸ್ ಚಾರ್ಜು ಮಾತ್ರ ಕೊಟ್ಟು ಕಳಿಸುವುದು ಅನ್ಯಾಯ. ಸಂಬಳ ಕೊಡಬೇಕು, ಔಷಧ ಹಂಚುವ ದಿನ ಯಾವುದೆಂದು ತೀರ್ಮಾನಿಸುವಾಗಲೂ ಅವರ ಮಾತು ನಡೆಯಬೇಕು.

ಹೊರಡುವ ಹಿಂದಿನ ದಿನ ಬಾಟಲಿ ಸುರಿದು ಎಣಿಸಿ. ಟ್ರಿಪ್ಪಿನ ದಿನಗಳಿಗೆ ಇನ್ನೂ ಏಳು ಮಾತ್ರೆ ಹೆಚ್ಚಿಗೆ ಇರಲಿ, ಗಾಳಿ ಎದ್ದು ಬೋಟು ಬೇರೆ ಬಂದರಿಗೆ ಹೋಗಿ ನಿಲ್ಲುವುದುಂಟು.