ಸ್ಟಾರ್ಟ್ ಆಗದ ಕಾರು ಮತ್ತು ಕೀಲಿಯೊಳಗಿನ ಚಿಪ್

ಸ್ಟಾರ್ಟ್ ಆಗದೆ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರವಿರುವ ಸಣ್ಣ ದೀಪವೊಂದು ಮಿಣುಕುತ್ತಿದ್ದರೆ ಸಾಕು, ಸುತ್ತ ಸೇರಿದವರಲ್ಲಿ ಯಾರಾದರೊಬ್ಬರು "ಸೆಕ್ಯುರಿಟಿ ಲಾಕ್ ಆಗಿದೆ, ಷೋರೂಮಿಗೇ ಎಳೆಸಬೇಕು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ತುಮಕೂರಿನಲ್ಲಿ ನಮ್ಮ ಬಂಧುಗಳ ಮತ್ತು ನೆರೆಯವರ ಕಾರುಗಳಲ್ಲಿ ನಾನು ಕಂಡಂತೆ ಈ ತೀರ್ಪು ಬಹುತೇಕ ಅವಸರದ್ದು. ದೋಷವು ಕಳ್ಳತನ ತಡೆಯುವ ಇಮ್ಮೊಬಿಲೈಸರ್‌ನಲ್ಲಿಯೇ ಇದೆಯೋ, ಬ್ಯಾಟರಿಯಲ್ಲಿದೆಯೋ, ಅಥವಾ ನಮ್ಮ ಕೈಯಲ್ಲಿರುವ ಕೀಲಿಯಲ್ಲಿದೆಯೋ ಎಂಬುದನ್ನು ಕಾರು ನಿಂತ ಜಾಗದಲ್ಲೇ ಬಹುಮಟ್ಟಿಗೆ ತಿಳಿದುಕೊಳ್ಳಬಹುದು.

ಮೊದಲು ಇಮ್ಮೊಬಿಲೈಸರ್ ಕೆಲಸ ಮಾಡುವ ಬಗೆಯನ್ನು ಹೇಳುತ್ತೇನೆ. ಕೀಲಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಕೀಲಿ ಹಾಕುವ ರಂಧ್ರದ ಸುತ್ತ ಸುತ್ತಿರುವ ತಂತಿಯ ಸುರುಳಿಯು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆಯನ್ನು ಹೊರಡಿಸಿದಾಗ, ಆ ಅಲೆಯಿಂದಲೇ ಶಕ್ತಿ ಪಡೆದು ಚಿಪ್ ತನ್ನ ಗುರುತನ್ನು ಹೇಳುತ್ತದೆ. ಆ ಗುರುತು ಎಂಜಿನ್ ಕಂಪ್ಯೂಟರಿನಲ್ಲಿ ದಾಖಲಾದದ್ದಕ್ಕೆ ಹೊಂದಿದರೆ ಮಾತ್ರ ಇಂಧನ ಮತ್ತು ಕಿಡಿಗೆ ಅನುಮತಿ ಸಿಗುತ್ತದೆ. ಬಾಗಿಲು ತೆರೆಯುವ ರಿಮೋಟ್ ಇದಕ್ಕೆ ಸಂಬಂಧಿಸಿದ್ದಲ್ಲ. ಕೀಲಿ ತಿರುಗಿಸುವ ಕಾರುಗಳಲ್ಲಿ ರಿಮೋಟಿನ ಸೆಲ್ ಸತ್ತಿದ್ದರೂ ಎಂಜಿನ್ ಹತ್ತಬೇಕು.

ಇಗ್ನಿಷನ್ ಆನ್ ಮಾಡಿ ದೀಪವನ್ನು ಗಮನಿಸಿ. ಅದು ಕ್ಷಣಕಾಲ ಉರಿದು ಆರಿದರೆ ಕೀಲಿಯನ್ನು ಕಾರು ಗುರುತಿಸಿದೆ ಎಂದರ್ಥ, ಹಾಗಾಗಿ ತೊಂದರೆಯನ್ನು ಬೇರೆಡೆ ಹುಡುಕಬೇಕು. ಆರದೆ ಮಿಣುಕುತ್ತಲೇ ಇದ್ದರೆ ಗುರುತಿಸಿಲ್ಲ. ಕಾರನ್ನು ಲಾಕ್ ಮಾಡಿ ನಿಲ್ಲಿಸಿದಾಗ ನಿಧಾನವಾಗಿ ಮಿಣುಕುವುದು ಅನೇಕ ಮಾದರಿಗಳಲ್ಲಿ ಸಹಜವಾದ್ದರಿಂದ ಅದಕ್ಕೆ ಗಾಬರಿಯಾಗಬೇಕಿಲ್ಲ. ಆಮೇಲೆ ಸೆಲ್ಫ್ ಹೊಡೆದು ಕೇಳಿಸಿಕೊಳ್ಳಿ. ಸೆಲ್ಫ್ ಚುರುಕಾಗಿ ತಿರುಗಿದರೂ ಎಂಜಿನ್ ಹತ್ತದಿದ್ದರೆ, ಅಥವಾ ಹತ್ತಿ ಒಂದೆರಡು ಸೆಕೆಂಡಿನಲ್ಲೇ ಆರಿಹೋದರೆ, ಇಮ್ಮೊಬಿಲೈಸರ್ ಮೇಲೆ ಅನುಮಾನ ಪಡಬಹುದು. ಬರೀ ಟಕ್ ಟಕ್ ಸದ್ದಾಗಿ ಮೀಟರಿನ ಬೆಳಕೆಲ್ಲ ಮಂಕಾದರೆ ಅದು ಬ್ಯಾಟರಿಯ ದೌರ್ಬಲ್ಯ. ಕೆಲವು ಕಾರುಗಳಲ್ಲಿ ಇಮ್ಮೊಬಿಲೈಸರ್ ಸೆಲ್ಫನ್ನೇ ತಡೆಯುವುದರಿಂದ ಸದ್ದು ಮಾತ್ರ ಕೇಳಿ ತೀರ್ಮಾನಿಸಲಾಗದು; ದೀಪ ಮತ್ತು ಸದ್ದು ಎರಡನ್ನೂ ಒಟ್ಟಿಗೆ ನೋಡಬೇಕು.

ಬ್ಯಾಟರಿಯನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡುವಂತಿಲ್ಲ. ಪೂರ್ಣ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದಿದ್ದರೆ, ಸೆಲ್ಫ್ ಹೊಡೆದ ಗಳಿಗೆಯಲ್ಲಿ ವೋಲ್ಟೇಜ್ ಮತ್ತೂ ಕುಸಿದು ಕಂಪ್ಯೂಟರುಗಳ ನಡುವಿನ ಮಾತುಕತೆಯೇ ಕಡಿದು, ಸರಿಯಾಗಿರುವ ಕೀಲಿಯೂ ಕಳ್ಳನ ಕೀಲಿಯಂತೆ ಕಾಣಬಹುದು. ಟರ್ಮಿನಲ್ ಮೇಲೆ ಬೆಳೆದ ಬಿಳಿ ಹಸಿರು ಪುಡಿಯನ್ನು ತೆಗೆದು ಬಿಗಿಮಾಡಿ, ಇನ್ನೊಂದು ಕಾರಿನಿಂದ ಜಂಪ್ ಕೇಬಲ್ ಹಾಕಿ ನೋಡುವ ಮುನ್ನ ಟೋಯಿಂಗ್ ಗಾಡಿಗೆ ಹಣ ಕೊಡುವುದು ದುಂದು ಎಂದೇ ನನ್ನ ಅಭಿಪ್ರಾಯ.

ಮಧುಗಿರಿಯಿಂದ ಬಂದಿದ್ದ ನನ್ನ ಸೋದರಮಾವನ ಕಾರಿನಲ್ಲಿ ಬ್ಯಾಟರಿ ಚೆನ್ನಾಗಿಯೇ ಇತ್ತು. ಸಂಜೆ ಊರಿಗೆ ಹೊರಟಾಗ ಎಂಜಿನ್ ಹತ್ತುವುದು, ಕೂಡಲೇ ಆರುವುದು. ನೆರೆಯವರೊಬ್ಬರು, ಟೋಲಿನಲ್ಲಿ ಹಣ ಕಟ್ಟಲು ಗಾಜಿಗೆ ಅಂಟಿಸಿರುವ ಫಾಸ್ಟ್ಯಾಗ್ ಈ ಚಿಪ್ಪಿಗೆ ಅಡ್ಡಬರುತ್ತಿರಬೇಕು ಎಂದರು. ಫಾಸ್ಟ್ಯಾಗ್ 865ರಿಂದ 867 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವಂಥದ್ದು, ಕೀಲಿಯ ಅಲೆಗೆ ಅದು ಎಲ್ಲಿಯೂ ತಾಗುವುದಿಲ್ಲ. ಕೀ ಬಂಚಿನಲ್ಲಿ ಇನ್ನೊಂದು ಗಾಡಿಯ ಚಿಪ್ ಕೀಲಿಯೋ ದಪ್ಪನೆಯ ಲೋಹದ ಬಿಲ್ಲೆಯೋ ಇದ್ದರೆ ತೊಂದರೆಯಾಗುವುದುಂಟು ಎಂದು ಕೀಲಿಯನ್ನು ಬಿಡಿಸಿ ಒಂಟಿಯಾಗಿ ಹಾಕಿದೆವು. ಬದಲಾವಣೆ ಕಾಣಲಿಲ್ಲ.

"ಮಾವ, ಕೀಲಿಗೆ ಇತ್ತೀಚೆಗೆ ಏನಾದರೂ ಮಾಡಿಸಿದ್ದೀರಾ?" ಎಂದು ಕೇಳಿದೆ.

"ಮಧ್ಯಾಹ್ನ ಪೇಟೆಗೆ ಹೋದಾಗ ಕವರ್ ಬದಲಾಯಿಸಿದೆ ಕಣಪ್ಪ, ಹಳೆಯದು ಬಿರುಕುಬಿಟ್ಟಿತ್ತು. ಆದರೆ ರಿಮೋಟ್ ಕೆಲಸ ಮಾಡ್ತಾ ಇದೆಯಲ್ಲ!"

ರಿಮೋಟಿನ ಸರ್ಕ್ಯೂಟ್ ಹೊಸ ಕವರಿಗೆ ಬಂದಿತ್ತು, ಬಾಗಿಲು ತೆರೆಯುತ್ತಿತ್ತು; ಚಿಪ್ ಮಾತ್ರ ಹಳೆಯ ಕವರಿನ ಮೂಲೆಯಲ್ಲಿ ಅಂಟಿಕೊಂಡೇ ಉಳಿದಿತ್ತು. ಅಂಗಡಿಯವರ ಮೇಜಿನ ಮೇಲೆ ಆ ಹಳೆಯ ಕವರ್ ಇನ್ನೂ ಬಿದ್ದಿದ್ದುದು ಅದೃಷ್ಟ. ಚಿಪ್ಪನ್ನು ಬಿಡಿಸಿ ಹೊಸ ಕವರಿನೊಳಗೆ ಕೂರಿಸಿದ ಮೇಲೆ ಕಾರು ಏನೂ ಆಗಿಲ್ಲವೆಂಬಂತೆ ಹತ್ತಿತು. ಎರಡನೆಯ ಕೀಲಿ ಮಧುಗಿರಿಯ ಬೀರುವಿನಲ್ಲಿರದೆ ಜೊತೆಯಲ್ಲಿದ್ದಿದ್ದರೆ ಇಷ್ಟು ಹುಡುಕಾಟವೂ ಬೇಕಿರಲಿಲ್ಲ, ಏಕೆಂದರೆ ಎರಡನೆಯ ಕೀಲಿಯಲ್ಲಿ ಹತ್ತಿದರೆ ದೋಷ ಮೊದಲ ಕೀಲಿಯದು, ಎರಡರಲ್ಲೂ ಹತ್ತದಿದ್ದರೆ ಕಾರಿನದು ಎಂದು ತಿಳಿಯಲು ಅದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಸ್ಮಾರ್ಟ್ ಕೀಲಿಯ ಸೆಲ್, ಸಾಮಾನ್ಯವಾಗಿ 3 ವೋಲ್ಟಿನ ಸಿಆರ್ 2032, ಸೋತರೆ ಕಾರು ಕೀಲಿಯನ್ನು ಕಾಣುವುದಿಲ್ಲ. ಆಗ ಕೀಲಿಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಒತ್ತಿದರೆ ಬಹಳಷ್ಟು ಮಾದರಿಗಳಲ್ಲಿ ಎಂಜಿನ್ ಹತ್ತುತ್ತದೆ. ಕೆಲವದರಲ್ಲಿ ಕೀಲಿ ಇಡುವ ಜಾಗವೇ ಬೇರೆ, ಅದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಬ್ರೇಕ್ ಅಥವಾ ಕ್ಲಚ್ಚನ್ನು ಪೂರ್ತಿ ಒತ್ತಿದ್ದೀರಾ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಹೊರಗಿನ ಅಂಗಡಿಯಲ್ಲಿ ಅಲಾರಂ ಹಾಕಿಸಿದ ಹಳೆಯ ಕಾರುಗಳು ಇನ್ನೊಂದು ತಲೆನೋವು. ಅಂಥವುಗಳಲ್ಲಿ ಇಗ್ನಿಷನ್ ವೈರನ್ನು ಕತ್ತರಿಸಿ ನಡುವೆ ಒಂದು ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್, ಸೇರಿಸಿರುವುದುಂಟು. ಆ ರಿಲೇ ಹಾಳಾದರೆ ಕಂಪನಿಯ ದೀಪ ಏನನ್ನೂ ಹೇಳುವುದಿಲ್ಲ, ಕಾರು ಮಾತ್ರ ಹತ್ತುವುದಿಲ್ಲ. ರಾಗಿ ಮೂಟೆ, ಕೊಬ್ಬರಿ ಇರುವ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಬಾನೆಟ್ ಎತ್ತಿ ಇಲಿ ಕಡಿದ ವೈರುಗಳನ್ನೂ ಹುಡುಕಬೇಕು.

ಇಮ್ಮೊಬಿಲೈಸರನ್ನೇ "ಬೈಪಾಸ್" ಮಾಡಿಕೊಡುತ್ತೇನೆ ಎನ್ನುವವರಿಗೆ ನಾನಂತೂ ಕಾರು ಕೊಡುವುದಿಲ್ಲ. ಕೀಲಿ ನಿಜವಾಗಿಯೂ ಹಾಳಾಗಿದ್ದರೆ ಹೊಸದನ್ನು ಸರ್ವಿಸ್ ಸೆಂಟರಿನಲ್ಲಿ ಕೋಡ್ ಮಾಡಿಸಬೇಕು. ಬೀದಿಬದಿಯಲ್ಲಿ ಕಡಿಸಿದ ಬರೀ ಲೋಹದ ನಕಲಿ ಬಾಗಿಲನ್ನಷ್ಟೇ ತೆರೆಯುತ್ತದೆ. ಹೋಗುವಾಗ ಆರ್.ಸಿ., ಗುರುತಿನ ಚೀಟಿ, ಖರೀದಿಸಿದಾಗ ಕೊಟ್ಟ ಕೀಲಿ ಸಂಖ್ಯೆಯ ಬಿಲ್ಲೆ, ಹಾಗೂ ಮನೆಯಲ್ಲಿರುವ ಅಷ್ಟೂ ಕೀಲಿಗಳನ್ನು ಒಯ್ಯಿರಿ. ಅನೇಕ ಕಾರುಗಳಲ್ಲಿ ಹೊಸ ಕೀಲಿ ಸೇರಿಸುವಾಗ ಹಳೆಯ ಪಟ್ಟಿ ಅಳಿಸಿಹೋಗುವುದರಿಂದ, ಮನೆಯಲ್ಲಿ ಬಿಟ್ಟುಬಂದ ಕೀಲಿ ಮರುದಿನ ಕೆಲಸ ಮಾಡದು. ಕೀಲಿಯೊಂದು ಕಳೆದುಹೋಗಿದ್ದರೆ ಅದನ್ನು ಪಟ್ಟಿಯಿಂದ ತೆಗೆಸಿದ್ದಕ್ಕೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಾರು ಕಳುವಾದಾಗ ವಿಮೆಯವರು ಸಾಮಾನ್ಯವಾಗಿ ಎರಡೂ ಕೀಲಿಗಳನ್ನು ಕೇಳುತ್ತಾರೆ.