ಬೇಕಂತಲೇ ಕೆಟ್ಟದಾಗಿ ಹಾಡಿದ ಪೆಟ್ರೀಷಿಯಾ ರೌಟ್‌ಲೆಜ್

ಬ್ರಿಟಿಷ್ ನಟಿ ಪೆಟ್ರೀಷಿಯಾ ರೌಟ್‌ಲೆಜ್ ಅಂದರೆ ಎಷ್ಟೋ ಜನರಿಗೆ ತಟ್ಟನೆ ಹೊಳೆಯುವುದಿಲ್ಲ. ಹಯಸಿಂತ್ ಅನ್ನಿ, ಮುಖ ಕಣ್ಣ ಮುಂದೆ ಬರುತ್ತದೆ. ಬಿಬಿಸಿಯ 'ಕೀಪಿಂಗ್ ಅಪ್ ಅಪಿಯರೆನ್ಸಸ್' ಧಾರಾವಾಹಿಯ ನಾಯಕಿ. ಹೂವಿನ ಪ್ರಿಂಟಿನ ಬಟ್ಟೆ, ತಲೆ ಮೇಲೊಂದು ಹ್ಯಾಟು, ಗಂಡನ ಮನೆಯ ಹೆಸರು ಬಕೆಟ್ ಆದರೂ ಅದನ್ನು 'ಬುಕೆ' (ಹೂಗುಚ್ಛ) ಅಂತಲೇ ಹೇಳಬೇಕು ಅಂತ ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರಿಗೂ ತಾಕೀತು ಮಾಡುವ ಹೆಂಗಸು. 1990ರಿಂದ 1995ರವರೆಗೆ ಬಂದ ಆ ಧಾರಾವಾಹಿ, ಬಿಬಿಸಿ ಹೊರದೇಶಗಳಿಗೆ ಅತಿ ಹೆಚ್ಚು ಮಾರಿದ ಕಾರ್ಯಕ್ರಮಗಳಲ್ಲಿ ಒಂದು. 2025ರ ಅಕ್ಟೋಬರ್ 3ರಂದು, 96ನೇ ವಯಸ್ಸಿನಲ್ಲಿ ಪೆಟ್ರೀಷಿಯಾ ತೀರಿಕೊಂಡಾಗ ನಾನು ಓದಿದ ಸುದ್ದಿಗಳೆಲ್ಲ ಹಯಸಿಂತ್‌ಳ ಹೆಸರಿನಿಂದಲೇ ಶುರುವಾಗಿದ್ದವು.

ನನಗೆ ಬೇಜಾರಾಗಿದ್ದು ಅಲ್ಲೇ. ಹಯಸಿಂತ್ ಪಾತ್ರ ನನಗೂ ತುಂಬಾ ಇಷ್ಟ. ಆದರೆ ಆ ಪಾತ್ರ ಬರುವ ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಅದಕ್ಕೂ ಮುಂಚೆ ಸುಮಾರು ನಾಲ್ಕು ದಶಕ ರಂಗದ ಮೇಲೆ ನಟಿಸುತ್ತಾ, ಹಾಡುತ್ತಾ ಬಂದಿದ್ದರು. ಆ ಹಾಡು ಗೊತ್ತಿಲ್ಲದಿದ್ದರೆ ಹಯಸಿಂತ್‌ಳ ಅರ್ಧ ತಮಾಷೆ ನಮ್ಮ ಕೈತಪ್ಪಿ ಹೋಗುತ್ತದೆ.

ಧಾರಾವಾಹಿ ನೋಡಿದವರಿಗೆ ಎಮೆಟ್ ನೆನಪಿರಬೇಕು, ಪಕ್ಕದ ಮನೆ ಎಲಿಜಬೆತ್‌ಳ ಸೋದರ. ಊರಿನ ಹವ್ಯಾಸಿಗಳನ್ನು ಸೇರಿಸಿ ಸಂಗೀತ ನಾಟಕ ಆಡಿಸುವವನು. ಅವನ ನಾಟಕದಲ್ಲಿ ತನಗೊಂದು ಪಾತ್ರ ಸಿಗಲಿ ಅಂತ ಹಯಸಿಂತ್ ಅವನನ್ನು ಕಂಡಲ್ಲೆಲ್ಲ ಹಾಡಲು ಶುರು ಮಾಡುತ್ತಾಳೆ. ಪಾಪ, ಅವನು ಮನೆಯಿಂದ ಹೊರಗೆ ಕಾಲಿಡುವ ಮುಂಚೆ ಬಾಗಿಲ ಸಂದಿಯಿಂದ ಇಣುಕಿ ನೋಡಬೇಕು. ಆ ಹಾಡನ್ನು ಒಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿ. ಪೆಟ್ರೀಷಿಯಾ ಸ್ವರವನ್ನು ಕೆಳಗಿನಿಂದ ಎಳೆದುಕೊಂಡು ಬಂದು, ಮೇಲೆ ಹೋದಾಗ ಜಾಸ್ತಿ ನಡುಗಿಸಿ, ಇನ್ನೇನು ಸರಿಯಾದ ಜಾಗಕ್ಕೆ ಬಂತು ಅನ್ನುವಾಗ ಕೂದಲೆಳೆಯಷ್ಟು ಪಕ್ಕದಲ್ಲಿ ನಿಲ್ಲಿಸುತ್ತಾರೆ. ಹಾಡು ಬಾರದವರು ಕೆಟ್ಟದಾಗಿ ಹಾಡಿದರೆ ಸುಮ್ನೆ ಕರ್ಕಶವಾಗಿರುತ್ತದೆ, ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಇಲ್ಲಿ ಹಾಗಲ್ಲ. ಶ್ರುತಿ ಎಲ್ಲಿ, ಎಷ್ಟು ತಪ್ಪಬೇಕು ಅನ್ನುವುದು ಅವರ ಹಿಡಿತದಲ್ಲಿದೆ. ಜೊತೆಗೆ, ತಾನು ಅದ್ಭುತವಾಗಿ ಹಾಡುತ್ತಿದ್ದೇನೆ ಅನ್ನುವ ಆ ಹೆಂಗಸಿನ ನಂಬಿಕೆ ಒಂದು ಕ್ಷಣವೂ ಅಲ್ಲಾಡುವುದಿಲ್ಲ.

ಪೆಟ್ರೀಷಿಯಾ ಹುಟ್ಟಿದ್ದು 1929ರಲ್ಲಿ, ಲಿವರ್‌ಪೂಲ್ ನಗರದ ಎದುರಿಗೆ, ಮರ್ಸಿ ನದಿಯ ಆಚೆ ದಡದಲ್ಲಿರುವ ಬರ್ಕನ್‌ಹೆಡ್‌ನಲ್ಲಿ. ಅಪ್ಪನದು ಬಟ್ಟೆ ಅಂಗಡಿ. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಬ್ರಿಸ್ಟಲ್ ಓಲ್ಡ್ ವಿಕ್‌ನ ನಾಟಕ ಶಾಲೆಯಲ್ಲಿ ಕಲಿತು, 1952ರಲ್ಲಿ ಲಿವರ್‌ಪೂಲ್ ಪ್ಲೇಹೌಸ್‌ನಲ್ಲಿ ಶೇಕ್ಸ್‌ಪಿಯರ್ ನಾಟಕದಿಂದ ರಂಗಕ್ಕೆ ಬಂದರು. ನಟನೆಯ ಜೊತೆಗೆ ಹಾಡನ್ನೂ ಶಿಸ್ತಾಗಿ ಕಲಿತಿದ್ದರು. ಆಮೇಲೆ ಲಂಡನ್‌ನ ದೊಡ್ಡ ನಾಟಕಮಂದಿರಗಳಿರುವ ವೆಸ್ಟ್ ಎಂಡ್ ಸೇರಿ, ಅಲ್ಲಿನ ಸಂಗೀತ ನಾಟಕಗಳಲ್ಲಿ ಹೆಸರು ಮಾಡಿದರು.

ಈಗ ನ್ಯೂಯಾರ್ಕ್‌ನ ದೊಡ್ಡ ನಾಟಕಮಂದಿರಗಳ ತಾಣವಾದ ಬ್ರಾಡ್‌ವೇ ಕಥೆಗೆ ಬರುತ್ತೇನೆ, ಇದನ್ನು ಹೇಳಲೆಂದೇ ಬರೆಯಲು ಕೂತಿದ್ದು. 1968ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ 'ಡಾರ್ಲಿಂಗ್ ಆಫ್ ದ ಡೇ' ಅನ್ನುವ ಮ್ಯೂಸಿಕಲ್, ಅಂದರೆ ಸಂಗೀತ ನಾಟಕ, ಶುರುವಾಯಿತು. ಸಂಗೀತ ಜೂಲ್ ಸ್ಟೈನ್ ಅವರದು, ನಾಯಕ ಹಾರರ್ ಸಿನಿಮಾಗಳ ವಿನ್ಸೆಂಟ್ ಪ್ರೈಸ್. ಜನರಿಂದ ತಲೆಮರೆಸಿಕೊಂಡಿರುವ ಒಬ್ಬ ದೊಡ್ಡ ಚಿತ್ರಕಾರ, ಅವನ ಕೆಲಸದವನು ಸತ್ತಾಗ ತಾನೇ ಆ ಕೆಲಸದವ ಅಂತ ಹೇಳಿಕೊಂಡು ಬದುಕಲು ಹೊರಡುತ್ತಾನೆ, ಆ ಕೆಲಸದವನ ಜೊತೆ ಮದುವೆ ವಿಷಯವಾಗಿ ಪತ್ರ ಬರೆದುಕೊಂಡಿದ್ದ ವಿಧವೆಯೇ ಪೆಟ್ರೀಷಿಯಾ. ನಾಟಕ 31 ಪ್ರದರ್ಶನಕ್ಕೆ ಮುಚ್ಚಿಹೋಯಿತು. ಆದರೂ ಅದೇ ವರ್ಷ ಬ್ರಾಡ್‌ವೇ ಮ್ಯೂಸಿಕಲ್‌ನ ಅತ್ಯುತ್ತಮ ನಟಿಗೆ ಕೊಡುವ ಟೋನಿ ಪ್ರಶಸ್ತಿ ಅವರಿಗೆ ಬಂತು, ಇನ್ನೊಬ್ಬ ನಟಿ ಲೆಸ್ಲಿ ಅಗ್ಗಮ್ಸ್ ಜೊತೆ ಸಮನಾಗಿ ಹಂಚಿಕೊಂಡು. ಬಾಗಿಲು ಮುಚ್ಚಿದ ನಾಟಕದ ನಟಿಯನ್ನು ಮತ ಹಾಕುವವರು ಮರೆತುಬಿಡುವುದೇ ಜಾಸ್ತಿ, ಅಲ್ವಾ? ಇವರನ್ನು ಮರೆಯಲಿಲ್ಲ. ಆ ನಾಟಕದ ಹಾಡುಗಳ ಆಲ್ಬಮ್ ಇದೆ, ಕೇಳಿದರೆ ಯಾಕೆ ಮರೆಯಲಿಲ್ಲ ಅಂತ ಗೊತ್ತಾಗುತ್ತದೆ. ತುಂಬು ಕಂಠ, ಪ್ರತಿ ಅಕ್ಷರವೂ ಸ್ಪಷ್ಟ, ಹಾಡಿನ ನಡುವೆಯೇ ನಗು ಉಕ್ಕಿ ಬಂದರೂ ತಾಳ ಸಡಿಲವಾಗುವುದಿಲ್ಲ.

ಎಂಟು ವರ್ಷ ಬಿಟ್ಟು ಮತ್ತೆ ಬ್ರಾಡ್‌ವೇ, ಈ ಸಲ ಇನ್ನೂ ದೊಡ್ಡ ಪೆಟ್ಟು. ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ, ಅಲನ್ ಜೇ ಲರ್ನರ್ ಸಾಹಿತ್ಯ, ಶ್ವೇತಭವನದ ಮೊದಲ ನೂರು ವರ್ಷಗಳ ಕಥೆ. '1600 ಪೆನ್ಸಿಲ್ವೇನಿಯಾ ಅವೆನ್ಯೂ' ಅದರ ಹೆಸರು. ಒಬ್ಬನೇ ನಟ ಬೇರೆ ಬೇರೆ ಅಧ್ಯಕ್ಷರಾಗಿ ಬರುತ್ತಾನೆ, ಅವರ ಹೆಂಡತಿಯರೆಲ್ಲ ಪೆಟ್ರೀಷಿಯಾ. 1976ರ ಮೇ ತಿಂಗಳಲ್ಲಿ ಶುರುವಾದದ್ದು ಏಳೇ ಪ್ರದರ್ಶನಕ್ಕೆ ನಿಂತಿತು, ಹಾಡುಗಳ ಆಲ್ಬಮ್ ಕೂಡ ಬರಲಿಲ್ಲ. ಆದರೆ ಅದರೊಳಗೆ 'ಡ್ಯುಯೆಟ್ ಫಾರ್ ಒನ್' ಅನ್ನುವ ಹಾಡು ಇತ್ತು. 1877, ಹೊಸ ಅಧ್ಯಕ್ಷರ ಪ್ರಮಾಣವಚನದ ದಿನ. ಅಧಿಕಾರ ಬಿಟ್ಟು ಹೋಗುತ್ತಿರುವ ಜೂಲಿಯಾ ಗ್ರಾಂಟ್, ಬರುತ್ತಿರುವ ಲೂಸಿ ಹೇಯ್ಸ್, ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ಹೊಟ್ಟೆಯೊಳಗಿನ ಉರಿ ಕಾರಿಕೊಳ್ಳುವ ಯುಗಳ ಗೀತೆ. ಇಬ್ಬರನ್ನೂ ಹಾಡಿದ್ದು ಇವರೊಬ್ಬರೇ. ಒಂದು ಸಾಲು ಎದೆಯಾಳದ ದಪ್ಪ ದನಿ, ಮರುಸಾಲು ಆಕಾಶಕ್ಕೇರುವ ತೆಳು ದನಿ, ನಡುವೆ ಉಸಿರೆಳೆಯಲು ಜಾಗವೇ ಇಲ್ಲ ಅನ್ನಿಸುತ್ತದೆ. ಥಿಯೇಟರಿನೊಳಗೆ ಯಾರೋ ಮಾಡಿಕೊಂಡ ಮಸುಕು ರೆಕಾರ್ಡಿಂಗ್ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಆ ಗರಗರ ಸದ್ದಿನ ನಡುವೆಯೂ, ಹಾಡು ಮುಗಿದ ಮೇಲೆ ಜನರ ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲದಿರುವುದು ಕೇಳುತ್ತದೆ. ಇಂಥ ಹಾಡನ್ನು ಇಂಥವರು ಹಾಡಿದ್ದಕ್ಕೆ ಒಂದು ಒಳ್ಳೆ ಸ್ಟುಡಿಯೋ ರೆಕಾರ್ಡಿಂಗ್ ಆಗಲೇ ಇಲ್ಲವಲ್ಲ ಅನ್ನುವ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಬರ್ನ್‌ಸ್ಟೈನ್ ಸಂಗೀತ ಅವರಿಗೆ ಕೊನೆಗೂ ಒಲಿಯಿತು. 1988ರಲ್ಲಿ ಲಂಡನ್‌ನ ಓಲ್ಡ್ ವಿಕ್‌ನಲ್ಲಿ ಆಡಿದ 'ಕ್ಯಾಂಡೀಡ್'ನಲ್ಲಿ ಮುದುಕಿಯ ಪಾತ್ರಕ್ಕೆ ಲಂಡನ್ ರಂಗಭೂಮಿಯ ದೊಡ್ಡ ಗೌರವವಾದ ಲಾರೆನ್ಸ್ ಒಲಿವಿಯೇ ಪ್ರಶಸ್ತಿ ಬಂತು. ಟೋನಿ, ಒಲಿವಿಯೇ, ಎರಡೂ ಮ್ಯೂಸಿಕಲ್‌ಗೇ ಬಂದವು ಅನ್ನುವುದನ್ನು ಗಮನಿಸಿ.

ಹಾಡಿಲ್ಲದ ಕಡೆಯೂ ಆ ಕಿವಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅಲನ್ ಬೆನೆಟ್ ಬರೆದ 'ಟಾಕಿಂಗ್ ಹೆಡ್ಸ್' ನೋಡಬೇಕು. 1988ರಲ್ಲಿ ಬಿಬಿಸಿಯಲ್ಲಿ ಬಂದ ಏಕವ್ಯಕ್ತಿ ಸರಣಿ ಅದು. 'ಎ ಲೇಡಿ ಆಫ್ ಲೆಟರ್ಸ್' ಕಂತಿನಲ್ಲಿ ಪೆಟ್ರೀಷಿಯಾ, ಕಂಡಕಂಡವರಿಗೆ ದೂರು ಪತ್ರ ಬರೆಯುವ ಒಂಟಿ ಹೆಂಗಸು ಮಿಸ್ ರಡಕ್. ಒಂದು ಕುರ್ಚಿ, ಒಂದು ಕಿಟಕಿ, ಒಂದು ಪೆನ್ನು. ಬೀದಿಯಲ್ಲಿ ಯಾರು ಹೋದರು, ಯಾರು ಬಂದರು, ಎಲ್ಲದರ ಮೇಲೂ ಕಣ್ಣು. ಕೊನೆಗೆ ಆ ಪತ್ರಗಳೇ ಅವಳನ್ನು ಜೈಲಿಗೆ ಕಳಿಸುತ್ತವೆ. ಜೈಲಿನಲ್ಲಿ ಅವಳಿಗೆ ಮೊದಲ ಸಲ ಗೆಳತಿಯರು ಸಿಗುತ್ತಾರೆ, ಅವಳು ಖುಷಿಯಾಗಿದ್ದಾಳೆ. ಆ ಖುಷಿ ಮುಖದ ಮೇಲೆ ಮೂಡುವ ಮುಂಚೆಯೇ ದನಿಯಲ್ಲಿ ಬಂದುಬಿಡುತ್ತದೆ. ಮೊದಲೆಲ್ಲ ಬಿಗಿದುಕೊಂಡಿದ್ದ ಮಾತು ಇದ್ದಕ್ಕಿದ್ದಂತೆ ಸಲೀಸಾಗಿ ಹರಿಯಲು ಶುರುವಾಗುತ್ತದೆ. ಟೀವಿಯಲ್ಲಿ ಅವರು ಮಾಡಿದ್ದರಲ್ಲಿ ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮೇಲು, ಹಯಸಿಂತ್‌ಗಿಂತಲೂ.

ಹಯಸಿಂತ್ ಆಗಿ ಮನೆಮಾತಾದ ಕಾಲದಲ್ಲೂ ರಂಗದ ಹಾಡು ಬಿಟ್ಟಿರಲಿಲ್ಲ. 1992ರ ಕೊನೆಗೆ ಲಂಡನ್‌ನ ನ್ಯಾಷನಲ್ ಥಿಯೇಟರ್‌ನಲ್ಲಿ ನಿಕೋಲಸ್ ಹೈಟ್ನರ್ 'ಕರೊಸೆಲ್' ಆಡಿಸಿದಾಗ ನೆಟ್ಟಿ ಪಾತ್ರ ಇವರದು. 'ಯು ವಿಲ್ ನೆವರ್ ವಾಕ್ ಅಲೋನ್' ಆ ನಾಟಕದ ಹಾಡು. ಫುಟ್‌ಬಾಲ್ ನೋಡುವವರಿಗೆ ಹೇಳಬೇಕಾಗಿಲ್ಲ, ಲಿವರ್‌ಪೂಲ್ ತಂಡದ ಅಭಿಮಾನಿಗಳು ಸ್ಟೇಡಿಯಂ ತುಂಬ ಹಾಡುವ ಅದೇ ಹಾಡು. ಸಾವಿರಾರು ಜನ ಗಂಟಲು ಬಿರಿಯುವ ಹಾಗೆ ಹಾಡುವುದನ್ನೇ ಕೇಳಿದ ಕಿವಿಗೆ, ಲಿವರ್‌ಪೂಲ್ ಪಕ್ಕದ ಊರಿನ ಈ ಹೆಂಗಸು, ಗಂಡನನ್ನು ಕಳೆದುಕೊಂಡ ಹುಡುಗಿಗೆ ಸಮಾಧಾನ ಹೇಳುವಂತೆ ಹಾಡಿದ್ದು ಬೇರೆಯೇ ಹಾಡು ಅನ್ನಿಸುತ್ತದೆ.

ಹಯಸಿಂತ್‌ಳನ್ನು ಸಾಕು ಮಾಡಿದ್ದೂ ಅವರೇ. ಜನ ಇನ್ನೂ ಬೇಕು ಅನ್ನುತ್ತಿರುವಾಗಲೇ ನಿಲ್ಲಿಸಿ ಬೇರೆ ಕೆಲಸಕ್ಕೆ ಹೋದರು. 1996ರಿಂದ 'ಹೆಟ್ಟಿ ವೇಂಥ್ರಪ್' ಅನ್ನುವ ಪತ್ತೇದಾರಿ ಧಾರಾವಾಹಿ, ಚೆನ್ನಾಗಿದೆ, ಆದರೆ ಅವರ ಶಕ್ತಿಯ ಕಾಲು ಭಾಗವನ್ನೂ ಅದು ಕೇಳುವುದಿಲ್ಲ. 2017ರಲ್ಲಿ ಬ್ರಿಟನ್ನಿನಲ್ಲಿ ಹೆಂಗಸರಿಗೆ ಕೊಡುವ, 'ಸರ್' ಪದವಿಗೆ ಸಮನಾದ ಡೇಮ್ ಪದವಿ ಬಂತು. ವಯಸ್ಸಾದ ಮೇಲೆ ಊರೂರಿಗೆ ಹೋಗಿ, ಮ್ಯೂಸಿಕಲ್‌ಗಳಲ್ಲಿ ತಾವು ಕಳೆದ ವರ್ಷಗಳ ಬಗ್ಗೆಯೇ ಹಳೆ ರೆಕಾರ್ಡಿಂಗ್‌ಗಳನ್ನು ಕೇಳಿಸುತ್ತಾ ಮಾತಾಡುವ ಕಾರ್ಯಕ್ರಮ ಮಾಡುತ್ತಿದ್ದರು. ಟೀವಿ ನೋಡಿ ಬಂದ ಜನಕ್ಕೆ ತಮ್ಮ ಹಾಡನ್ನು ತಾವೇ ಪರಿಚಯ ಮಾಡಿಕೊಡುವುದು ಅವರಿಗೆ ಮುಖ್ಯವಾಗಿತ್ತು ಅಂತ ನನಗನ್ನಿಸುತ್ತದೆ.

ಇದನ್ನೆಲ್ಲ ಓದಿ ಯಾರಿಗಾದರೂ ಕೇಳಬೇಕು ಅನ್ನಿಸಿದರೆ, 'ಡಾರ್ಲಿಂಗ್ ಆಫ್ ದ ಡೇ' ಆಲ್ಬಮ್‌ನಿಂದ ಶುರು ಮಾಡಿ, ಅದರ ಧ್ವನಿ ಚೆನ್ನಾಗಿದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಆ ಗರಗರ ಸದ್ದಿನ 'ಡ್ಯುಯೆಟ್ ಫಾರ್ ಒನ್'. ಅದಾದ ಮೇಲೆ ಹಯಸಿಂತ್ ಎಮೆಟ್‌ನನ್ನು ಅಟ್ಟಿಸಿಕೊಂಡು ಹಾಡುವ ಯಾವುದಾದರೂ ಕಂತು ಹಾಕಿ.